ದೀಪಾವಳಿಗೆ ತಂದ ಕಂಪ್ಯೂಟರ್ ಒಂದ ವರ್ಷದಾಗ ಯಾಕ ಹಳೇದಾತು?

ಈ ಸಲ ಅಡಿಗಿ ಬಿಟ್ಟು ಬ್ಯಾರೇನ ಒಂದು ವಿಷಯ ಬರೀಲಿಕ್ಕತ್ತೀನಿ. ಓದಿ "ಇಕೀಗ್ಯಾಕ ಈ ಉಸಾಬರಿ" ಅಂತ ನಗಬ್ಯಾಡ್ರಿ. ಇದರಾಗೂ ಮನಿ ರೊಕ್ಕ ಅದ, ಮಕ್ಕಳ ಮನಸ್ಸೂ ಅದ.

ಮೊನ್ನೆ ನನ್ನ ತಂಗಿ ಫೋನ್ ಮಾಡಿದ್ಲು. "ಅಕ್ಕಾ, ಇಂವಾ ಒಂದ ಹಟಾ ಹಿಡದು ಕುಂತಾನ. ಆಟ ಆಡೋ ಕಂಪ್ಯೂಟರ್ ಬೇಕಂತ. ಎಂಬತ್ತು ಸಾವಿರ ಅಂತ. ಕಾಲೇಜಿಗೂ ಉಪಯೋಗ ಆಗ್ತದ ಅಂತಾನ. ಕೊಡಿಸಿದ್ರ ಎಷ್ಟ ವರ್ಷ ಬಾಳಕಿ ಬರ್ತದ? ನಿಮ್ಮ ಮನ್ಯಾಗ ಆದದ್ದು ನೆನಪಾಗಿ ನಂಗ ಹೆದರಿಕಿ ಆಗ್ಲಿಕ್ಕತ್ತದ" ಅಂದ್ಲು.

ನಮ್ಮ ಮನ್ಯಾಗ ಆದದ್ದು ನಿಮ್ಮೊಳಗ ಭಾಳ ಮಂದಿಗೆ ಗೊತ್ತಿಲ್ಲ. 2013ರಾಗ ನವೆಂಬರ್ 3ಕ್ಕ ದೀಪಾವಳಿ ಬಂದಿತ್ತು. ಮಗ ಪಿಯುಸಿ ಎರಡನೇ ವರ್ಷದಾಗ ಇದ್ದ. ನಾ ಚೀಟಿ ಹಾಕಿ ಕೂಡಿಟ್ಟ ರೊಕ್ಕಕ್ಕ ಅವ್ರ ಬೋನಸ್ ಸೇರಿಸಿ 42 ಸಾವಿರದ್ದೊಂದು ಕಂಪ್ಯೂಟರ್ ತಂದ್ವಿ. ಎರಡು ಕೋರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್, 2 ಜಿಬಿ ನೆನಪಿನ ಗ್ರಾಫಿಕ್ಸ್ ಕಾರ್ಡ್. ಅಂಗಡಿಯಾಂವ "ಅಕ್ಕಾರ, ಐದ ವರ್ಷ ಇದರ ಕಡೆ ತಿರುಗಿ ನೋಡಬ್ಯಾಡ್ರಿ" ಅಂದ. ನಾನೂ ಕುಂಕುಮ ಹಚ್ಚಿ, ಹೂವ ಏರಿಸಿ, ಆರತಿ ಮಾಡಿ ಸ್ವಿಚ್ ಹಾಕಿದೆ.

ಮರುವರ್ಷ ದೀಪಾವಳಿ ಹೊತ್ತಿಗೆ ಮಗ ಬಂದು "ಅವ್ವಾ, ಹೊಸಾ ಆಟ ಯಾವೂ ನಡೀವಲ್ವು. ರ‍್ಯಾಮ್ ಹಾಕಿಸ್ಬೇಕು, ಕಾರ್ಡೂ ಬದಲಿ ಮಾಡ್ಬೇಕು" ಅಂದ. ನಂಗ ಸಿಟ್ಟು ನೆತ್ತಿಗೇರ್ತು. "ಅಂಗಡಿಯವರು ಐದ ವರ್ಷ ಅಂದಾರ, ನೀ ಒಂದ ವರ್ಷಕ್ಕ ಸುಳ್ಳ ಹೇಳ್ತಿಯೇನು? ರೊಕ್ಕ ಬ್ಯಾರೆ ಏನಕ್ಕ ಬೇಕಾಗ್ಯದ ಹೇಳು" ಅಂದೆ. ಅವರ ಮುಂದನ ಅಂದೆ, ಅತ್ತಿಯವರ ಮುಂದೂ ಅಂದೆ. ಅಂವಾ ಒಂದ ಮಾತೂ ಆಡ್ಲಿಲ್ಲ, ಮ್ಯಾಲಿನ ಖೋಲಿಗೆ ಹೋದ. ಅವತ್ತಿನಿಂದ ಕಂಪ್ಯೂಟರಿನ ಸಲುವಾಗಿ ಒಂದ ರೂಪಾಯಿ ಕೇಳಿದ್ದಿಲ್ಲ.

ಈಗ ಅಂವಾ ಬೆಂಗಳೂರಿನ್ಯಾಗ ಕಂಪ್ಯೂಟರ್ ಕೆಲಸದಾಗ ಅದಾನ. ಹೋದ ಸಂಕ್ರಾಂತಿಗೆ ಬಂದಾಗ ಎಳ್ಳು ಬೆಲ್ಲ ಕೊಟ್ಟು ಕುಂತ ಹೊತ್ತಿನ್ಯಾಗ ನಾನ ಕೇಳಿದೆ: "ಅವತ್ತು ನೀ ಹೇಳಿದ್ದು ಖರೇನೇನಪಾ?" ಹಳೇ ಕ್ಯಾಲೆಂಡರ್ ಹಾಳಿ ಹಿಂದ ಗೆರಿ ಹಾಕಿ ಎರಡು ತಾಸು ತಿಳಿಸಿ ಹೇಳಿದ. ಆ ಮ್ಯಾಲ ನಾನೂ ಒಂದಿಷ್ಟು ಓದಿದೆ. ಆ ಇತಿಹಾಸನ ಇದು.

ಮೊದಲ ಒಂದು ಮಾತು ತಿಳಕೋಬೇಕು. ಈ ಆಟ ಆಡ್ಲಿಕ್ಕೆ ಎರಡು ನಮೂನಿ ಯಂತ್ರ ಅವ. ಒಂದು ಟಿವಿಗೆ ಹಚ್ಚೋ ಪೆಟ್ಟಿಗಿ, ಅದಕ್ಕ ಕನ್ಸೋಲ್ ಅಂತಾರ. ಸೋನಿಯವರ ಪ್ಲೇಸ್ಟೇಷನ್, ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್ ದೊಡ್ಡ ಹೆಸರು. ಇನ್ನೊಂದು ನಮ್ಮ ಮನಿ ಕಂಪ್ಯೂಟರ್. ಪೆಟ್ಟಿಗಿ ಒಮ್ಮೆ ಮಾಡಿದ್ರ ಆರೇಳು ವರ್ಷ ಒಳಗಿನ ಅಂಗಾಂಗ ಹಂಗ ಇರ್ತಾವ. ಜಗತ್ತಿನ್ಯಾಗ ಕೋಟಿಗಟ್ಟಲೆ ಪೆಟ್ಟಿಗಿ, ಎಲ್ಲಾ ಒಂದ ಅಚ್ಚಿನವು. ಮನಿ ಕಂಪ್ಯೂಟರ್ ಹಂಗಲ್ಲ. ಒಬ್ಬರ ಮನ್ಯಾಗ ಒಂದು ಕಾರ್ಡು, ಇನ್ನೊಬ್ಬರ ಮನ್ಯಾಗ ಇನ್ನೊಂದು ಪ್ರೊಸೆಸರ್.

ದೊಡ್ಡ ಆಟ ಮಾಡವರು ಎರಡಕ್ಕೂ ಕೂಡೇ ಮಾಡ್ತಾರ. ಹಂಗಾಗಿ ಪೆಟ್ಟಿಗಿ ಒಳಗ ಎಷ್ಟು ನೆನಪು ಅದ, ಎಷ್ಟು ಕೋರ್ ಅವ ಅಂತ ನೋಡಿನ ಆಟದ ಅಳತಿ ಗೊತ್ತು ಮಾಡ್ತಾರ. ಪೆಟ್ಟಿಗಿ ಸಣ್ಣದಿದ್ರ ಆಟಾನೂ ಸಣ್ಣ ಅಳತಿದು, ಕಂಪ್ಯೂಟರ್‌ನವರು ಆರಾಮ. ಪೆಟ್ಟಿಗಿ ಒಮ್ಮೆಲೆ ದೊಡ್ಡದಾದ್ರ ಕಂಪ್ಯೂಟರ್‌ನವರಿಗೂ ಖರ್ಚು ಬಂತು ಅಂತನ ತಿಳೀರಿ.

ಎಕ್ಸ್‌ಬಾಕ್ಸ್ 360 ಬಂದದ್ದು 2005ರ ನವೆಂಬರಿನ್ಯಾಗ. ಅದರಾಗ ಇದ್ದ ನೆನಪು ಎಲ್ಲಾ ಕೂಡಿ 512 ಎಂಬಿ. ಮರುವರ್ಷ ಬಂದ ಪ್ಲೇಸ್ಟೇಷನ್ 3ರಾಗ ಪ್ರೊಸೆಸರಿಗೆ 256, ಚಿತ್ರಕ್ಕ 256. ಇಂಥಾ ಪೆಟ್ಟಿಗಿ ಮ್ಯಾಲ ಎಂಟು ವರ್ಷ ದಂಧೆ ನಡೀತು. ಆ ಎಂಟು ವರ್ಷದಾಗ ಕಂಪ್ಯೂಟರಿನ ಸಾಮಾನು ಓಡಿ ಓಡಿ ಮುಂದ ಹೋತು, ಆಟ ಮಾತ್ರ 512 ಎಂಬಿ ಅಳತ್ಯಾಗ ಉಳೀತು. ಅದಕ್ಕ 2013ರ ತನಕಾ 2 ಜಿಬಿ ಕಾರ್ಡಿದ್ದಾಂವ ಶ್ರೀಮಂತ. ಅಂದ್ರ ನಮ್ಮ ಅಂಗಡಿಯಾಂವ ಸುಳ್ಳ ಹೇಳಿದ್ದಿಲ್ಲ. ಹಿಂದಿನ ಎಂಟು ವರ್ಷ ನೋಡಿ ಮುಂದಿನ ಐದು ವರ್ಷ ಹೇಳಿದ್ದ, ಅಷ್ಟ.

ಇನ್ನ ಕಂಪ್ಯೂಟರ್ ಒಳಗಿನ ಕಥಿ. ಇದನ್ನ ತಿಳಿಸ್ಲಿಕ್ಕೆ ನಮ್ಮ ಅಪ್ಪನ ಮೆಣಸಿನಕಾಯಿ ಗಾಡಿ ತರಬೇಕಾಗ್ತದ. ಅಪ್ಪ ಬ್ಯಾಡಗಿ ಪ್ಯಾಟಿಗೆ ಚೀಲ ಒಯ್ದರ ನೇರ ವ್ಯಾಪಾರಿಗೆ ಮಾರ್ತಿದ್ದಿಲ್ಲ. ನಡುವ ಅಡತಿ ಅಂಗಡಿ ಇತ್ತು. ಚೀಲ ಇಳಿಸೋದು, ತೂಕ ಮಾಡೋದು, ಲೆಕ್ಕ ಬರಿಯೋದು, ವ್ಯಾಪಾರಿಯವರ ಜೋಡಿ ಮಾತಾಡೋದು ಎಲ್ಲಾ ಅಡತಿಯವರದ್ದು. ಅಪ್ಪಗ ತ್ರಾಸ ಇಲ್ಲ. ಆದ್ರ ದಲಾಲಿ ಮುರೀತಿದ್ರು, ಹೊತ್ತೂ ಹೋಗ್ತಿತ್ತು.

ಕಂಪ್ಯೂಟರಿನ್ಯಾಗ ಆಟ ಅಂದ್ರ ರೈತ, ಗ್ರಾಫಿಕ್ಸ್ ಕಾರ್ಡ್ ಅಂದ್ರ ವ್ಯಾಪಾರಿ. ನಡುವ ಕುಂತ ಅಡತಿಯವರಿಗೆ ಡ್ರೈವರ್ ಅಂತಾರ, ಅದು ಕಾರ್ಡ್ ಮಾಡಿದ ಕಂಪನಿಯವರು ಬರದು ಕೊಡೋ ಸಾಫ್ಟ್‌ವೇರ್. ಆಟ ಆ ಡ್ರೈವರ್ ಜೋಡಿ ಯಾವ ಭಾಷಾದಾಗ ಮಾತಾಡಬೇಕು ಅಂತ ಒಂದು ಕರಾರು ಇರ್ತದ. ಡೈರೆಕ್ಟ್‌ಎಕ್ಸ್, ಓಪನ್‌ಜಿಎಲ್ ಅಂತ ಕೇಳಿರ್ತೀರಿ, ಮಕ್ಕಳ ಬಾಯಾಗ ಬರ್ತಿರ್ತದ. ಅವು ಇಂಥಾ ಕರಾರಿನ ಭಾಷಾ.

ಮೊದಲ ಹಿಂಗ ಇದ್ದಿದ್ದಿಲ್ಲ. ಡಾಸ್ ಕಾಲದಾಗ ಆಟ ಮಾಡವರು ಒಂದೊಂದು ಕಾರ್ಡಿಗೂ ತಾವ ಬ್ಯಾರೆ ಬ್ಯಾರೆ ಬರದು ಸಾಯ್ತಿದ್ರು. 1992ರಾಗ ಸಿಲಿಕಾನ್ ಗ್ರಾಫಿಕ್ಸ್ ಅನ್ನೋ ಕಂಪನಿ ಓಪನ್‌ಜಿಎಲ್ ತಂತು. 1995ರಾಗ ವಿಂಡೋಸ್ 95 ಬಂದಾಗ ಮೈಕ್ರೋಸಾಫ್ಟ್ ಡೈರೆಕ್ಟ್‌ಎಕ್ಸ್ ತಂತು. 1996ರಾಗ 3ಡಿಎಫ್‌ಎಕ್ಸ್ ಕಂಪನಿಯವರು ವೂಡೂ ಅಂತ ಚಿಪ್ ಮಾಡಿ, ಅದರ ಜೋಡಿ ಗ್ಲೈಡ್ ಅಂತ ತಮ್ಮದ ಒಂದು ಭಾಷಾ ಕೊಟ್ರು. ಅದು ಕಾರ್ಡಿನ ಭಾಳ ಹತ್ರದ ಭಾಷಾ, ಹಂಗಾಗಿ ಭಾಳ ಚುರುಕು. ಆದ್ರ ಅವರ ಕಾರ್ಡಿಗಷ್ಟ ನಡೀತಿತ್ತು. 2000ನೇ ಇಸವಿ ಕಡೀಕ ಆ ಕಂಪನಿ ಮುಳುಗಿ ಅದರ ಆಸ್ತಿ ಎನ್‌ವಿಡಿಯಾಗ ಹೋತು, ಗ್ಲೈಡೂ ಅದರ ಕೂಡ ಹೋತು. ಒಬ್ಬರಿಗಷ್ಟ ಸೇರಿದ ದಾರಿ ಎಷ್ಟ ಛಲೋ ಇದ್ರೂ ಅವರ ಜೋಡಿನ ಮುಗೀತದ. ಇದು ಮುಂದ ಮತ್ತ ಬರ್ತದ, ನೆನಪಿಡ್ರಿ.

ಡೈರೆಕ್ಟ್‌ಎಕ್ಸ್ ಬೆಳೀತಾ 2009ರಾಗ ವಿಂಡೋಸ್ 7ರ ಕೂಡ 11ನೇದು ಬಂತು. ಅಷ್ಟ ಹೊತ್ತಿಗೆ ನಡುವಿನ ಡ್ರೈವರ್ ಭಾಳ ದಪ್ಪ ಆಗಿತ್ತು. ಆಟದಾಗ ಒಂದು ಗಿಡ, ಒಂದು ಗ್ವಾಡಿ, ಒಬ್ಬ ಸಿಪಾಯಿ ಕಾಣಬೇಕಂದ್ರ ಪ್ರೊಸೆಸರ್ "ಇದನ್ನ ತೆಗಿ, ಇದನ್ನ ತೆಗಿ" ಅಂತ ಕಾರ್ಡಿಗೆ ಹೇಳ್ಬೇಕು. ಒಂದ ಚಿತ್ರಕ್ಕ ಇಂಥಾ ಸಾವಿರಾರು ಅಪ್ಪಣಿ, ಸೆಕೆಂಡಿಗೆ 60 ಚಿತ್ರ. ಪ್ರತಿ ಅಪ್ಪಣಿನೂ ಡ್ರೈವರ್ ತಪಾಸ ಮಾಡಿ, ಲೆಕ್ಕ ಬರಕೊಂಡು, ಆಮ್ಯಾಲ ದಾಟಿಸ್ತಿತ್ತು. ಇನ್ನೊಂದು ತ್ರಾಸ ಏನಂದ್ರ, ಈ ಕೆಲಸ ಬಹಳಷ್ಟು ಒಂದ ಕೋರಿನ ಮ್ಯಾಲ ಬೀಳ್ತಿತ್ತು. ಲಗ್ನದ ಮನ್ಯಾಗ ಎಂಟು ಮಂದಿ ಅಡಿಗಿಯವರು ಇದ್ದೂ ಒಬ್ಬಾಕಿನ ಒಲಿ ಮುಂದ ಬೆವರು ಸುರಿಸಿಧಂಗ, ಉಳಿದ ಏಳು ಮಂದಿ ಕಟ್ಟೀ ಮ್ಯಾಲ ಕುಂತಿರ್ತಿದ್ರು.

ಅದಕ್ಕ ಆವಾಗ ಆಟಕ್ಕ ಒಂದೊಂದು ಕೋರೂ ಗಟ್ಟಿ ಇರೋ ಇಂಟೆಲ್ ಪ್ರೊಸೆಸರ್ ಬೇಕಾಗ್ತಿತ್ತು. 2011ರಾಗ ಎಎಮ್‌ಡಿಯವರು ಎಂಟು ಕೋರ್ ಅಂತ ಹೇಳಿ ಎಫ್‌ಎಕ್ಸ್ ಅನ್ನೋ ಪ್ರೊಸೆಸರ್ ತಂದ್ರು. ಒಂದೊಂದು ಕೋರ್ ಸೊರಗಿದ್ದು, ಆಟದಾಗ ಹಿಂದ ಬಿತ್ತು. ಎರಡು ಇಲ್ಲಾ ನಾಕು ಕೋರ್ ಸಾಕು ಅನ್ನೋ ಮಾತು ಅಂಗಡಿಯವರ ಬಾಯಾಗ ಕುಂತದ್ದು ಹಿಂಗ. ನಮಗ ಎರಡು ಕೋರಿನದು ಕಟ್ಟಿದ್ದೂ ಅದಕ್ಕ.

ಆದ್ರ ಕನ್ಸೋಲ್‌ನ್ಯಾಗ ಇಂಥಾ ದಪ್ಪ ದಲಾಲಿ ಇದ್ದಿದ್ದಿಲ್ಲ. ಯಂತ್ರ ಒಂದ ಅಚ್ಚಿನದು, ಆಟ ಮಾಡವರು ಅದರ ಒಳಗಿನ ಮೂಲಿಮೂಲಿ ಬಲ್ಲವರು, ನೇರ ಮಾತಾಡ್ತಿದ್ರು. ಆರೇಳು ವರ್ಷ ಹಳೇ ಪೆಟ್ಟಿಗ್ಯಾಗೂ ಕಣ್ಣು ಕುಕ್ಕೋ ಆಟ ಬರ್ತಿದ್ದು ಅದಕ್ಕ. ಅವರ "ಕಂಪ್ಯೂಟರಿಗೂ ಹಿಂಗ ನೇರ ದಾರಿ ಕೊಡ್ರಿ" ಅಂತ ಕೇಳ್ಕೋತ ಬಂದಿದ್ರು.

ಈಗ 2013. ನಾ ಆರತಿ ಮಾಡಿದ ವರ್ಷ.

ನಮ್ಮ ದೀಪಾವಳಿ ಆಗಿ ಹನ್ನೆರಡು ದಿವಸಕ್ಕ, ನವೆಂಬರ್ 15ಕ್ಕ, ಅಮೆರಿಕಾದಾಗ ಪ್ಲೇಸ್ಟೇಷನ್ 4 ಬಂತು. ಒಂದ ವಾರಕ್ಕ, 22ಕ್ಕ, ಎಕ್ಸ್‌ಬಾಕ್ಸ್ ಒನ್ ಬಂತು. ಇಷ್ಟು ದಿವಸ ಪೆಟ್ಟಿಗಿಯವರು ತಮ್ಮದ ವಿಚಿತ್ರ ಪ್ರೊಸೆಸರ್ ಹಾಕ್ತಿದ್ರು. ಪ್ಲೇಸ್ಟೇಷನ್ 3ರ ಸೆಲ್ ಅನ್ನೋ ಪ್ರೊಸೆಸರ್ ಅಂತೂ ಆಟ ಮಾಡವರಿಗೆ ಕಬ್ಬಿಣದ ಕಡಲಿ ಆಗಿತ್ತು. ಈ ಸಲ ಎರಡೂ ಕಂಪನಿ ಎಎಮ್‌ಡಿ ಕಡೆ ಹೋಗಿ, ನಮ್ಮ ಕಂಪ್ಯೂಟರಿನ ಕುಲದ್ದ ಪ್ರೊಸೆಸರ್ ಹಾಕಿಸಿದ್ವು. ಎಂಟು ಕೋರ್, ಹೆಸರು ಜಾಗ್ವಾರ್. ಆದ್ರ ಸಣ್ಣ ಲ್ಯಾಪ್‌ಟಾಪಿಗೆ ಅಂತ ಮಾಡಿದ ಜಾತಿ. ಪ್ಲೇಸ್ಟೇಷನ್ 4ರಾಗ ಅದರ ವೇಗ 1.6 ಗಿಗಾಹರ್ಟ್ಸ್. ಆವಾಗ ಮನಿ ಕಂಪ್ಯೂಟರಿನ್ಯಾಗ 3 ಗಿಗಾಹರ್ಟ್ಸ್ ದಾಟಿತ್ತು. ನೆನಪು ಮಾತ್ರ ಒಮ್ಮೆಲೆ 8 ಜಿಬಿ! 512 ಎಂಬಿಯಿಂದ ಹದಿನಾರು ಪಟ್ಟು. ಅದರಾಗ ಸುಮಾರು 5 ಜಿಬಿ ಆಟಕ್ಕನ ಬಿಟ್ಟಿದ್ರು.

ಇದರ ಪರಿಣಾಮ ಎರಡು. ಒಂದು, ಕೋರ್ ಎಂಟು ಇದ್ದೂ ಒಂದೊಂದು ಸೊರಗಿದ್ದವು, ಹಂಗಾಗಿ ಆಟ ಮಾಡವರು ಕೆಲಸಾನ ಎಂಟು ಮಂದಿಗೆ ಹಂಚಿ ಕೊಡೋದು ಕಲೀಲೇಬೇಕಾತು. ಎರಡು, 5 ಜಿಬಿ ಕೈಯಾಗ ಸಿಕ್ಕ ಮ್ಯಾಲ ಅದನ್ನ ತುಂಬಿಸೋರೇ. ದೊಡ್ಡ ಮನಿಗೆ ಹೋದ್ರ ಸಾಮಾನು ತಾನ ಬೆಳೀತದಲ್ಲ, ಹಂಗ. ಗ್ವಾಡಿ, ಮಣ್ಣು, ಮುಖದ ಸುಕ್ಕು ಎಲ್ಲಾದರ ಚಿತ್ರಾನೂ ದೊಡ್ಡದಾತು.

ಅದ ತಿಂಗಳ ಬಂದ ಕಾಲ್ ಆಫ್ ಡ್ಯೂಟಿ ಘೋಸ್ಟ್ಸ್ ಅನ್ನೋ ಆಟಕ್ಕ 6 ಜಿಬಿ ರ‍್ಯಾಮ್ ಬೇಕಂತ ಡಬ್ಬಿ ಮ್ಯಾಲ ಹಾಕಿದ್ರು, 64 ಬಿಟ್ ವಿಂಡೋಸೂ ಬೇಕಂತ. 2014ರ ನವೆಂಬರಿನ್ಯಾಗ ಬಂದ ಫಾರ್ ಕ್ರೈ 4 ಬರೇ ಎರಡು ಕೋರಿನ ಪ್ರೊಸೆಸರ್ ಇದ್ದ ಕಂಪ್ಯೂಟರಿನ್ಯಾಗ ಮೊದಲ ಸುರುನ ಆಗ್ತಿದ್ದಿಲ್ಲ. 4 ಜಿಬಿ ರ‍್ಯಾಮ್, 2 ಜಿಬಿ ಕಾರ್ಡ್, ಎರಡು ಕೋರ್. ಹಳೇ ಪೆಟ್ಟಿಗಿ ಅಳತಿಗೆ ನಾವು ಹೊಲಿಸಿದ ಅಂಗಿ ಅದು, ಹೊಲಿಸಿದ ಹದಿನೈದು ದಿವಸಕ್ಕ ಹುಡುಗ ಒಂದ ಮೊಳ ಬೆಳದುಬಿಟ್ಟ. ನನ್ನ ಮಗ ಮರುವರ್ಷ ಹೇಳಿದ್ದು ಇದನ್ನ. ನಾ ಸುಳ್ಳ ಅಂದದ್ದೂ ಇದಕ್ಕ.

ಅದ 2013ರ ಸೆಪ್ಟೆಂಬರಿನ್ಯಾಗ ಎಎಮ್‌ಡಿಯವರು ಇನ್ನೊಂದು ಸುದ್ದಿ ಹೇಳಿದ್ರು. ಮ್ಯಾಂಟಲ್ ಅಂತ ಹೊಸಾ ಭಾಷಾ. ಅಡತಿಯವರನ್ನ ತೆಳ್ಳಗ ಮಾಡಿ, ಆಟ ಕಾರ್ಡಿನ ಜೋಡಿ ಹತ್ತಿರಾಗಿ ಮಾತಾಡೋ ದಾರಿ. ಇದಕ್ಕ ಲೋ ಲೆವೆಲ್ ಅಂತಾರ. ಲೋ ಅಂದ್ರ ಕೀಳು ಅಂತಲ್ಲ, ಯಂತ್ರದ ಬುಡಕ್ಕ ಹತ್ರ ಅಂತ. ಇದರ ಹಿಂದ ಡೈಸ್ ಅನ್ನೋ ಸ್ವೀಡನ್ ದೇಶದ ಆಟದ ಕಂಪನಿಯ ಯೋಹಾನ್ ಆಂಡರ್ಸನ್ ಅನ್ನೋ ಇಂಜಿನಿಯರ್ ಭಾಳ ದುಡದಿದ್ರು. ಅವರ ಬ್ಯಾಟಲ್‌ಫೀಲ್ಡ್ 4 ಆಟಕ್ಕ 2014ರ ಜನವರಿ ಕಡೀಕ ಮ್ಯಾಂಟಲ್ ಸೇರಿಸಿದ್ರು.

ಏನಾತು? ಸೊರಗಿದ ಪ್ರೊಸೆಸರ್ ಇದ್ದವರಿಗೆ ಭಾಳ ಲಾಭ ಆತು. ಗಟ್ಟಿ ಪ್ರೊಸೆಸರ್ ಇದ್ದವರಿಗೆ ಸ್ವಲ್ಪ. ದಲಾಲಿ ಉಳಿದದ್ದು ಯಾರಿಗೆ ಹೆಚ್ಚು ಗೊತ್ತಾಗ್ತದ? ಬಡವರಿಗೆ. ಎಎಮ್‌ಡಿಯವರ ಲೆಕ್ಕಾನೂ ತಿಳೀತದ. ಅವರ ಪ್ರೊಸೆಸರ್ ಸೊರಗಿದ್ದು, ಎರಡೂ ಪೆಟ್ಟಿಗ್ಯಾಗ ಅವರದ ಚಿಪ್ಪು. ಆಟ ಎಂಟು ಕೋರಿಗೆ ಹಂಚಿಧಂಗೆಲ್ಲಾ ಅವರಿಗ ಅನುಕೂಲ.

ಆದ್ರ ಮ್ಯಾಂಟಲ್ ಎಎಮ್‌ಡಿ ಕಾರ್ಡಿಗಷ್ಟ. ಗ್ಲೈಡ್ ನೆನಪಾತಲ್ಲ? ಈ ಸಲ ಕಥಿ ಬ್ಯಾರೆ ಆತು. 2014ರ ಮಾರ್ಚಿನ್ಯಾಗ ಮೈಕ್ರೋಸಾಫ್ಟ್ ತಾನೂ ಇಂಥಾದ್ದ ಡೈರೆಕ್ಟ್‌ಎಕ್ಸ್ 12 ಮಾಡ್ತೀನಿ ಅಂತು. ಜೂನಿನ್ಯಾಗ ಆ್ಯಪಲ್‌ನವರು ಮೆಟಲ್ ಅಂದ್ರು. ಎನ್‌ವಿಡಿಯಾದವರು ಏಪ್ರಿಲಿನ್ಯಾಗ ಹಳೇ ಡೈರೆಕ್ಟ್‌ಎಕ್ಸ್ 11ರ ತಮ್ಮ ಡ್ರೈವರನ್ನ ಹಗರ ಮಾಡಿ ಬಿಟ್ರು, ಅಡತಿ ಅಂಗಡಿ ಮುಚ್ಚೋದಕಿಂತ ದಲಾಲಿ ಕಡಿಮಿ ಮಾಡಿಧಂಗ. 2015ರಾಗ ಎಎಮ್‌ಡಿ ತನ್ನ ಮ್ಯಾಂಟಲ್‌ನ ಬಿಟ್ಟುಕೊಟ್ಟಿತು. ಅದರ ಮ್ಯಾಲ ಕ್ರೋನೋಸ್ ಅನ್ನೋ ಕೂಟದವರು, ಅದರಾಗ ಎಲ್ಲಾ ಕಂಪನಿಯವರೂ ಇರ್ತಾರ, ವಲ್ಕನ್ ಕಟ್ಟಿದ್ರು. 2015ರ ಜುಲೈಯಾಗ ವಿಂಡೋಸ್ 10ರ ಕೂಡ ಡೈರೆಕ್ಟ್‌ಎಕ್ಸ್ 12 ಮನಿಗೆ ಬಂತು, 2016ರ ಫೆಬ್ರುವರಿಯಾಗ ವಲ್ಕನ್ 1.0 ಬಂತು. ನಿಮ್ಮ ಕೈಯಾಗಿನ ಆ್ಯಂಡ್ರಾಯ್ಡ್ ಫೋನಿನ್ಯಾಗೂ 2016ರಿಂದ ವಲ್ಕನ್ ಸೇರ್ಯದ.

ಆವಾಗ ಎಲ್ಲಾ ಕಡೆ ಒಂದ ಮಾತು: ಇನ್ನ ಹಳೇ ಕಂಪ್ಯೂಟರೂ ಕುದರಿ ಆಗ್ತದ, ಹೊಸಾದು ಕೊಳ್ಳೋದು ಬ್ಯಾಡ. ನನ್ನ ಮಗನೂ ನಂಬಿದ್ದನಂತ. ಅವ್ವನ ಕೂಡ ರೊಕ್ಕ ಕೇಳೋದು ಬ್ಯಾಡ, ವಿಂಡೋಸ್ 10 ಫುಕಟ್ಟ ಸಿಗ್ತದ, ಹಾಕೊಂಡ್ರ ಎಲ್ಲಾ ನಡೀತದ ಅಂತ ಕಾಯ್ಕೋತ ಇದ್ದ. ಇದನ್ನ ಅಂವಾ ಹೇಳಿದಾಗ ನನ್ನ ಕಣ್ಣಾಗ ನೀರು ಬಂತ್ರಿ.

ಯಾಕಂದ್ರ ಆ ಮಾತು ಅರ್ಧ ಅಷ್ಟ ಖರೇ. ಪ್ರೊಸೆಸರಿನ ಭಾರ ಇಳೀತು, ಅದು ಹೌದು. ನೆನಪಿನ ಹಸಿವಿಗೆ ಯಾವ ಭಾಷಾನೂ ಔಷಧ ಅಲ್ಲ. 2 ಜಿಬಿ ಡಬ್ಬಿಯಾಗ 4 ಜಿಬಿ ಹಿಟ್ಟು ಹಿಡಸ್ಲಿಕ್ಕೆ ಬರಂಗಿಲ್ಲ. ಇನ್ನೂ ಒಂದು ಅದ. ನೆನಪಿನ ಲೆಕ್ಕ ಮೊದಲ ಡ್ರೈವರ್ ನೋಡ್ತಿತ್ತು, ಸಾಲದಾದ್ರ ಅತ್ತಿಂದಿತ್ತ ಸರಿಸಿ ಹೆಂಗರ ನಡಸ್ತಿತ್ತು. ಹೊಸಾ ಭಾಷಾದಾಗ ಆ ಲೆಕ್ಕ ಬಹಳಷ್ಟು ಆಟ ಮಾಡವರ ತಲೀ ಮ್ಯಾಲ ಬಂತು. ಅವರು ಸಣ್ಣ ಕಾರ್ಡಿನ ಕಾಳಜಿ ಮಾಡ್ಲಿಲ್ಲಂದ್ರ ಆಟ ಮುಗ್ಗರಸ್ತದ.

ಅಪ್ಪ ಹೇಳ್ತಿದ್ರು, ಅಡತಿ ಬಿಟ್ಟು ನೇರ ಮಾರೋದು ದೊಡ್ಡ ರೈತಗ ಲಾಭ, ಸಣ್ಣಾಂವಗ ತೂಕಾನೂ ಅವಂದ, ಚೀಲಾನೂ ಅವಂದ, ಮೋಸ ಆದ್ರ ಅದೂ ಅವಂದ ಅಂತ. ಹಂಗ ಆತು. ದೊಡ್ಡ ಕೈಯವರು ಗೆದ್ರು. 2016ರ ಜುಲೈಯಾಗ ಡೂಮ್ ಆಟಕ್ಕ ವಲ್ಕನ್ ಸೇರಿದಾಗ, ಅದರಾಗೂ ಎಎಮ್‌ಡಿ ಕಾರ್ಡಿದ್ದವರಿಗೆ, ಎದ್ದು ಕಾಣೋ ಲಾಭ ಆತು. ಆದ್ರ ಮೊದಮೊದಲ ಡೈರೆಕ್ಟ್‌ಎಕ್ಸ್ 12 ಹಚ್ಚಿದ ಕೆಲವು ಆಟ ಹಳೇ 11ಕಿಂತ ನಿಧಾನ ನಡದ್ವು. ಇಪ್ಪತ್ತು ವರ್ಷ ಅಡತಿ ಮಾಡಿದವರ ಕೈಚಳಕ ಒಂದ ದಿನಕ್ಕ ಬರ್ತದೇನ್ರಿ?

ಇನ್ನೊಂದು ತ್ರಾಸ ಈಗೂ ಅದ. ಬೆಳಕು, ನೆರಳು, ನೀರಿನ ಹೊಳಪು ತೆಗೀಲಿಕ್ಕೆ ಶೇಡರ್ ಅಂತ ಸಣ್ಣ ಸಣ್ಣ ಪ್ರೋಗ್ರಾಮ್ ಇರ್ತಾವ. ಅವನ್ನ ಒಬ್ಬೊಬ್ಬರ ಕಾರ್ಡಿಗೂ ತಕ್ಕಂಗ ಅವರ ಮನಿ ಕಂಪ್ಯೂಟರಿನ್ಯಾಗನ ತಯಾರ ಮಾಡಬೇಕು. ಆಟ ಸುರು ಆಗೋ ಮೊದಲ ಮಾಡಿದ್ರ ಛಲೋ. ಮಾಡ್ಲಿಲ್ಲಂದ್ರ ಆಡೋ ಹೊತ್ತಿನ್ಯಾಗ ತಟ್ಟನ ಚಿತ್ರ ನಿಂತು ನಿಂತು ಹೋಗ್ತದ. ಬೀಗರು ಎಲಿ ಮುಂದ ಕುಂತ ಮ್ಯಾಲ ಮಸಾಲಿ ರುಬ್ಬಲಿಕ್ಕೆ ಕುಂತಂಗ. ಕನ್ಸೋಲ್‌ನವರಿಗೆ ಈ ತ್ರಾಸ ಇಲ್ಲ, ಯಂತ್ರ ಒಂದ ಅಚ್ಚು ಇರೋದ್ರಿಂದ ಮಸಾಲಿ ಕಾರಖಾನ್ಯಾಗನ ರುಬ್ಬಿ ಬಂದಿರ್ತದ. ಸಾವಿರಾರು ರೂಪಾಯಿ ಕಾರ್ಡ್ ಹಾಕಿಸಿದ ಮಗ "ನಿಂತು ನಿಂತು ನಡೀತದ" ಅಂದ್ರ ಕಾರ್ಡ್ ಕೆಟ್ಟದ ಅಂತನ ತಿಳೀಬ್ಯಾಡ್ರಿ.

ಛಲೋ ಆದದ್ದೂ ಹೇಳ್ಬೇಕು. ಆಟ ಭಾಳ ಕೋರ್ ಬಳಸೋದು ಕಲತ ಮ್ಯಾಲ ಪ್ರೊಸೆಸರ್ ಪ್ಯಾಟಿನ ತಿರುಗ್ತು. ಸುಮಾರು ಹತ್ತು ವರ್ಷ ಇಂಟೆಲ್‌ನವರು ಸಾದಾ ಮನಿ ಕಂಪ್ಯೂಟರಿಗೆ ನಾಕು ಕೋರಿಗಿಂತ ಹೆಚ್ಚು ಕೊಟ್ಟಿದ್ದಿಲ್ಲ. 2017ರ ಮಾರ್ಚಿನ್ಯಾಗ ಎಎಮ್‌ಡಿ ರೈಜನ್ ಅಂತ ಎಂಟು ಕೋರಿಂದು ತಂತು. ಅದ ಅಕ್ಟೋಬರಿನ್ಯಾಗ ಇಂಟೆಲ್ ಆರು ಕೋರ್ ಕೊಡ್ತು, ಮರುವರ್ಷ ಎಂಟು. ಇದಕ್ಕ ಆಟ ಒಂದ ಕಾರಣ ಅಂತ ನಾ ಹೇಳಂಗಿಲ್ಲ, ಆದ್ರ ಎಂಟು ಕೋರಿನ ಪೆಟ್ಟಿಗಿ ಮ್ಯಾಲ ಕಲತ ಆಟದವರು ಇದ್ದದ್ದಕ್ಕ ಕೊಂಡವರಿಗೆ ಉಪಯೋಗ ಆತು. 2022ರಾಗ ವಾಲ್ವ್ ಕಂಪನಿಯವರು ಸ್ಟೀಮ್ ಡೆಕ್ ಅಂತ ಕೈಯಾಗ ಹಿಡಕೊಂಡು ಆಡೋ ಸಣ್ಣ ಕಂಪ್ಯೂಟರ್ ತಂದ್ರು. ವಿಂಡೋಸ್ ಇಲ್ಲದ, ಲಿನಕ್ಸ್ ಮ್ಯಾಲ, ವಿಂಡೋಸಿನ ಆಟದ ಮಾತು ವಲ್ಕನ್ ಭಾಷಾಕ್ಕ ತಿರುವಿ ಆಡಸ್ತದ. ಎಲ್ಲಾರ್ದೂ ಆದ ದಾರಿ ಇದ್ರ ಹಿಂಗ ಉಪಯೋಗಕ್ಕ ಬರ್ತದ ನೋಡ್ರಿ.

2020ರ ನವೆಂಬರಿನ್ಯಾಗ ಮತ್ತ ಹೊಸಾ ಪೆಟ್ಟಿಗಿ ಬಂದ್ವು, ಪ್ಲೇಸ್ಟೇಷನ್ 5 ಮತ್ತ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್. ನಮ್ಮ ದೇಶಕ್ಕ ಪ್ಲೇಸ್ಟೇಷನ್ 5 ಬಂದದ್ದು 2021ರ ಫೆಬ್ರುವರಿ 2ಕ್ಕ, ಡಿಸ್ಕ್ ಹಾಕೋದರ ಕಿಮ್ಮತ್ತು 49,990 ರೂಪಾಯಿ. ಈ ಸಲ ಕೋರ್ ಎಂಟ, ಆದ್ರ ಸೊರಗಿದವಲ್ಲ, ಗಟ್ಟಿ ರೈಜನ್ ಕುಲದವು. ದೊಡ್ಡ ಪೆಟ್ಟಿಗ್ಯಾಗ ನೆನಪು 16 ಜಿಬಿ. ಎಲ್ಲಾದಕಿಂತ ದೊಡ್ಡ ಬದಲಾವಣಿ ಅಂದ್ರ ಹಾರ್ಡ್ ಡಿಸ್ಕ್ ಹೋಗಿ ಎಸ್‌ಎಸ್‌ಡಿ ಬಂತು. ಹಳೇ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದ್ತಿದ್ರ, ಪ್ಲೇಸ್ಟೇಷನ್ 5ರದು 5.5 ಜಿಬಿ ಓದ್ತದ. ಅದನ್ನ ಮಾಡಿಸಿದ ಮಾರ್ಕ್ ಸರ್ನಿ ಅನ್ನೋರು 2020ರ ಮಾರ್ಚಿನ್ಯಾಗ ಮಾಡಿದ ಭಾಷಣದಾಗ ಆಟದ ಸುದ್ದಿಕಿಂತ ಈ ಎಸ್‌ಎಸ್‌ಡಿ ಸುದ್ದಿನ ಭಾಳ ಹೇಳಿದ್ರು.

ಆದ್ರ ಈ ಸಲ 2013ರಂಗ ಒಮ್ಮೆಲೆ ಬಡೀಲಿಲ್ಲ. ಕರೋನಾ ಕಾಲ, ಚಿಪ್ಪಿನ ತುಟಾಗ್ರತಿ, ಪೆಟ್ಟಿಗಿ ಸಿಗ್ಲಿಲ್ಲ. ಈಥರ್ ನಾಣ್ಯ ತಗೀಲಿಕ್ಕೆ ಅಂತ ಮಂದಿ ಗ್ರಾಫಿಕ್ಸ್ ಕಾರ್ಡೆಲ್ಲಾ ಬಾಚಿ, ಅವೂ ಸಿಗ್ಲಿಲ್ಲ. ಅದಕ್ಕ ಆಟ ಮಾಡವರು 2022ರ ತನಕಾ ಹಳೇ ಪ್ಲೇಸ್ಟೇಷನ್ 4ಕ್ಕೂ ಮಾಡ್ಕೋತ ಹೋದ್ರು. ಖರೇ ಹೊಡೆತ ಬಂದದ್ದು 2023ರಾಗ. 8 ಜಿಬಿ ಕಾರ್ಡಿದ್ದವರು ಹೊಸಾ ಆಟದಾಗ ಒದ್ದಾಡಿದ್ರು. ಸೆಪ್ಟೆಂಬರಿನ್ಯಾಗ ಬಂದ ಸ್ಟಾರ್‌ಫೀಲ್ಡ್ ಎಸ್‌ಎಸ್‌ಡಿ ಬೇಕೇ ಬೇಕು ಅಂತು. ಅಕ್ಟೋಬರಿನ್ಯಾಗ ಬಂದ ಅಲನ್ ವೇಕ್ 2, ಡೈರೆಕ್ಟ್‌ಎಕ್ಸ್ 12ರ ಹೊಸಾ ಸೌಲಭ್ಯ ಇಲ್ಲದ ಹಳೇ ಕಾರ್ಡಿನ್ಯಾಗ ಮೊದಲ ತೆವಳ್ತಿತ್ತು. ಅಂದ್ರ ಪೆಟ್ಟಿಗಿ ಬಂದು ಮೂರು ವರ್ಷಕ್ಕ ಪೆಟ್ಟು ಬಿತ್ತು, ಆದ್ರ ಬಿತ್ತು.

ಇನ್ನ ತಂಗಿ ಪ್ರಶ್ನಿಗೆ ಬರ್ತೀನಿ. ಇದೆಲ್ಲಾ ಓದಿ ನಂಗ ತಿಳಿದದ್ದು ಇಷ್ಟ. ಕಂಪ್ಯೂಟರ್ ಎಷ್ಟ ವರ್ಷ ಬಾಳಕಿ ಬರ್ತದ ಅನ್ನೋದು ಅದರ ಕಿಮ್ಮತ್ತಿನ ಮ್ಯಾಲ ಅಷ್ಟ ಇಲ್ಲ, ನಾವು ಪೆಟ್ಟಿಗಿ ಕಾಲದ ಯಾವ ಹೊತ್ತಿನ್ಯಾಗ ಕೊಂಡ್ವಿ ಅನ್ನೋದರ ಮ್ಯಾಲ ಅದ. ಹೊಸಾ ಪೆಟ್ಟಿಗಿ ಬರೋ ಮುಂಚಿ ಕೊಂಡ್ರ ನಮ್ಮಂಗ ಆಗ್ತದ. ಬಂದು ಒಂದೆರಡು ವರ್ಷ ಆದ ಮ್ಯಾಲ, ಪೆಟ್ಟಿಗ್ಯಾಗ ಇದ್ದದ್ದಕಿಂತ ಒಂದ ಕೈ ಹೆಚ್ಚು ನೋಡಿ ಕೊಂಡ್ರ ಆರೇಳು ವರ್ಷ ಚಿಂತಿ ಇಲ್ಲ. ಹೊಸಾ ಭಾಷಾ ಬಂದು ಹಳೇ ಯಂತ್ರಾನ ಉದ್ಧಾರ ಮಾಡ್ತದ ಅನ್ನೋದನ್ನ ಪೂರಾ ನಂಬಬಾರದು. ಭಾರ ಒಬ್ಬರ ತಲೀ ಮ್ಯಾಲಿಂದ ಇನ್ನೊಬ್ಬರ ತಲೀ ಮ್ಯಾಲ ಹೋಗ್ತದ, ಮಾಯ ಆಗಂಗಿಲ್ಲ.

ಈಗಿನ ಪೆಟ್ಟಿಗಿ ಬಂದು ಐದು ವರ್ಷ ದಾಟ್ಯದ. ಮುಂದಿನದರ ಸಲುವಾಗಿ ಎಎಮ್‌ಡಿ ಜೋಡಿ ಕೆಲಸ ನಡದದ ಅಂತ ಮೈಕ್ರೋಸಾಫ್ಟೂ ಸೋನಿನೂ 2025ರಾಗನ ಹೇಳ್ಯಾವ. ಅದಕ್ಕ ತಂಗೀ, ಎಂಬತ್ತು ಸಾವಿರ ಪೂರಾ ಈಗನ ಸುರೀಬ್ಯಾಡ. ಆರು ಇಲ್ಲಾ ಎಂಟು ಕೋರಿನ ಪ್ರೊಸೆಸರ್, 16 ಜಿಬಿ ರ‍್ಯಾಮ್, ಇನ್ನಷ್ಟು ರ‍್ಯಾಮ್ ಹಾಕ್ಲಿಕ್ಕೆ ಜಾಗಾ ಖಾಲಿ ಇರೋ ಬೋರ್ಡು, ಎಸ್‌ಎಸ್‌ಡಿ, ಛಲೋ ಪವರ್ ಸಪ್ಲೈ. ಇವಿಷ್ಟು ಗಟ್ಟಿ ಇರ್ಲಿ. ಕಾರ್ಡ್ ಮಾತ್ರ ಈಗ ಸಾಧಾರಣದ್ದು ಹಾಕಸು, ಅದರಾಗೂ ನೆನಪು 8 ಜಿಬಿಗಿಂತ ಹೆಚ್ಚಿಂದು ಸಿಕ್ರ ಅದನ್ನ ಹಿಡಿ. ಉಳಿದ ರೊಕ್ಕ ತಗದಿಡು. ಹೊಸಾ ಪೆಟ್ಟಿಗಿ ಬಂದ ಮ್ಯಾಲ ಅದನ್ನ ನೋಡಿ ಕಾರ್ಡ್ ಒಂದ ಬದಲಿ ಮಾಡಿಸು. ಲ್ಯಾಪ್‌ಟಾಪ್ ಅಂದ್ರ ಇದು ಆಗಂಗಿಲ್ಲ, ಅದರಾಗ ಕಾರ್ಡ್ ಬದಲಿ ಮಾಡ್ಲಿಕ್ಕೆ ಬರಂಗಿಲ್ಲ.

ಮಗಗ ಇದನ್ನ ಓದಿ ತೋರಿಸಿದೆ. "ಛಲೋ ಬರದೀ ಅವ್ವಾ, ಮೆಣಸಿನಕಾಯಿ ಒಂದ ಸ್ವಲ್ಪ ಜಾಸ್ತಿ ಆಗ್ಯದ" ಅಂದು ನಕ್ಕ. "ಅವತ್ತು ನಾ ನಿನ್ನ ಸುಳ್ಳಗಾರ ಅಂದೆ, ತಪ್ಪಾತಪಾ" ಅಂದೆ. "ಅಯ್ಯ ಬಿಡವ್ವಾ, ನಂಗೂ ಅವಾಗ ತಿಳಿಸಿ ಹೇಳ್ಲಿಕ್ಕೆ ಬರ್ತಿದ್ದಿಲ್ಲ" ಅಂದ. ಹನ್ನೊಂದು ವರ್ಷ ಅಂವಾ ಮನಸ್ಸಿನ್ಯಾಗ ಇಟ್ಟಿದ್ದು ಅಷ್ಟು ಹಗರ ಬಿಟ್ಟುಕೊಟ್ಟ.

ತಂಗೀ, ಅಂಗಡಿಗೆ ಹೋಗೋ ಮೊದಲ ಹುಡುಗನ ಮುಂದ ಕುಂಡ್ರು. ಯಾವ ಆಟ, ಅದಕ್ಕ ಏನೇನು ಬೇಕು, ಯಾಕ ಬೇಕು ಅಂತ ಅವನ ಬಾಯಿಲೆ ಕೇಳು. ತಿಳೀಲಿಲ್ಲಂದ್ರ ಇನ್ನೊಮ್ಮೆ ಕೇಳು. ನಿಮ್ಮ ಮನ್ಯಾಗೂ ಹಿಂಗ ಏನರೆ ಆಗಿದ್ರ ಬರೀರಿ ಎಲ್ಲಾರೂ. ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ, ಬರ್ತೀನ್ರಿ.